ಡೀಸೆಲ್ ಕಾರಿನ ಪರೀಕ್ಷಕಿ

"ಡೀಸೆಲ್ ಕಂಡ್ರೆ ನಿಮಗೆ ಆಗಲ್ವಾ ಮೇಡಂ? ಇಲ್ಲ ನನ್ನ ಕಂಡ್ರೇನೇ ಆಗಲ್ವಾ?"

ಯಲಹಂಕದಲ್ಲಿ ರೇಸ್ ಕಾರುಗಳ ತಪಾಸಣೆ ಶೆಡ್ಡಿನಲ್ಲಿ ಅವನ ದನಿಗೆ ಎಲ್ಲರೂ ತಿರುಗಿ ನೋಡಿದರು.

ಪ್ರತಿಭಾ ಮಾತ್ರ ತಲೆ ಎತ್ತಲಿಲ್ಲ. ಎಂಜಿನ್ನಿನ ಗಾಳಿ ಎಳೆಯುವ ಬಾಯಿಗೆ ತೊಡಿಸಿದ ಲೋಹದ ಬಳೆಗೆ ಮತ್ತೊಮ್ಮೆ ಅಳತೆ ಹಿಡಿದಳು.

"ರೂಲ್ ಎಲ್ಲರಿಗೂ ಒಂದೇ ಸರ್. ಈ ಬಳೆ ಅಗಲ ಜಾಸ್ತಿ ಇದೆ. ಕಾರು ಪಾಸಾಗಲ್ಲ."

ಅವನು ಗಿರಿ, ಯಲಹಂಕದ ಹಳೇ ಊರಿನವನು. ಯಾವ ಶೋರೂಮಿನಲ್ಲೂ ಸಿಗದ, ರೇಸಿಗೆಂದೇ ಕಟ್ಟಿದ ಪ್ರೊಟೊಟೈಪ್ ಕಾರು ಅವನದು. ಗಂಟೆಗಟ್ಟಲೆ ಓಡುವ ಎಂಡ್ಯೂರೆನ್ಸ್ ರೇಸಿನಲ್ಲಿ ಅದೊಂದೇ ಡೀಸೆಲ್ ಗಾಡಿ. ಒಂದೇ ಟ್ಯಾಂಕಿಗೆ ಡೀಸೆಲ್ ಹೆಚ್ಚು ದೂರ ಓಡುತ್ತದೆ. ಪೆಟ್ರೋಲಿನವರಿಗೆ ಅನ್ಯಾಯವಾಗಬಾರದೆಂದು ಅದರ ಗಾಳಿಗೆ ಬಳೆ ತೊಡಿಸಿ ಮಿತಿ ಹಾಕಿದ್ದರು. ಆ ಬಳೆಯನ್ನು ಅಳೆಯುವುದೇ ಪ್ರತಿಭಾಳ ಕೆಲಸ.

ಸಂಜೆಯೊಳಗೆ ಗಿರಿ ಹೊಸ ಬಳೆ ಮಾಡಿಸಿ ತಂದ. ಈ ಸಲ ಅಳತೆ ಸರಿಯಾಗಿತ್ತು.

"ಸಾರಿ ಮೇಡಂ. ಬಾಯಿಗೆ ಬಂದಂಗೆ ಮಾತಾಡ್ಬಿಟ್ಟೆ, ತಪ್ಪು ನಂದೇ. ಬನ್ನಿ, ನಮ್ಮ ಹುಡುಗರ ಜೊತೆ ಒಂದು ಕಾಫಿ..."

"ಬೇಡ. ಟೀಮಿನವರ ಜೊತೆ ನಾವು ಕೂರೋ ಹಾಗಿಲ್ಲ."

ಅವನ ಮುಖ ಸಪ್ಪಗಾಯಿತು. ಅವಳ ಮನಸ್ಸೂ!

ಮತ್ತಿಕೆರೆಯ ಬಾಡಿಗೆ ಕೋಣೆಗೆ ಬಂದಾಗ ಬಾಗಲಕೋಟೆಯಿಂದ ಅವ್ವ ರತ್ನವ್ವನ ಫೋನು.

"ಊಟ ಆತೇನವಾ?"

"ಆತವ್ವಾ."

"ಅಲ್ಲಿ ಯಾರ ಜೋಡಿಯರ ಮಾತಾಡ್ತೀಯೋ ಇಲ್ಲೋ?"

"ಮಾತಾಡ್ತೀನಿ ಬಿಡವ್ವಾ..."

ಎರಡೂ ಸುಳ್ಳು. ಪಕ್ಕದ ಕೋಣೆಯಲ್ಲಿ ಕಾಲೇಜು ಹುಡುಗಿಯರ ನಗು ಜೋರಾಗಿತ್ತು. ಶೆಡ್ಡಿನಲ್ಲಂತೂ ಅವಳು ಹತ್ತಿರ ಬಂದರೆ ಮಾತೇ ನಿಂತುಹೋಗುತ್ತಿತ್ತು. ತಪ್ಪು ಹುಡುಕುವವಳ ಪಕ್ಕ ಯಾರು ಕೂರುತ್ತಾರೆ? ಕಾಫಿಗೆ ಕರೆದವನು ಅವನೊಬ್ಬನೇ...

ಆಮೇಲಿನ ಪ್ರತಿ ತಪಾಸಣೆಯಲ್ಲೂ ಗಿರಿ ಕೈಕಟ್ಟಿಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಒಂದು ದಿನ ಅಳತೆ ನೋಡುವ ಮೊದಲೇ ಅವಳ ಮನಸ್ಸು, 'ದೇವರೇ, ಪಾಸಾಗಲಿ' ಎಂದುಬಿಟ್ಟಿತು! ಅವಳು ಬೆಚ್ಚಿಬಿದ್ದಳು. ನೇರ ಮುಖ್ಯ ಪರೀಕ್ಷಕ ಸಿದ್ರಾಮಪ್ಪನವರ ಬಳಿ ಹೋದಳು.

"ಸರ್, ಆ ಡೀಸೆಲ್ ಕಾರು ಬೇರೆಯವರಿಗೆ ಕೊಡ್ರಿ. ನನಗ ಅದನ್ನ ನ್ಯಾಯವಾಗಿ ನೋಡಾಕ ಆಗಂಗಿಲ್ಲ."

ಆ ಮಾತು ಬಾಯಿಂದ ಬಾಯಿಗೆ ಹೋಗಿ ಗಿರಿಯ ಕಿವಿಗೂ ಬಿತ್ತು. 'ಅಷ್ಟೊಂದು ದ್ವೇಷವಾ ನನ್ನ ಮೇಲೆ?' ಅಂದುಕೊಂಡ. ಅಂದಿನಿಂದ ಎದುರಾದರೂ ಅವನು ಮುಖ ತಿರುಗಿಸುತ್ತಿದ್ದ. ಚೆನ್ನೈಯಲ್ಲಿ ನಡೆದ ರೇಸಿಗೂ ಸಿದ್ರಾಮಪ್ಪನವರು ಅವಳನ್ನು ಕಳಿಸಲಿಲ್ಲ. ಖಾಲಿ ಶೆಡ್ಡಿನಲ್ಲಿ ಅವಳೊಬ್ಬಳೇ ಕೂತಿದ್ದಳು.

ರೇಸ್ ಮುಗಿದ ವಾರವೇ, ನಿಯಮ ಮಾಡುವ ರೇಸ್ ಕಮಿಟಿಯಿಂದ ಹೊಸ ಆದೇಶ ಬಂತು. ಮುಂದಿನ ವರ್ಷದಿಂದ ಡೀಸೆಲ್ ಎಂಜಿನ್‌ಗೆ ಅವಕಾಶವಿಲ್ಲ!

ಭಾನುವಾರ ಬೆಳಿಗ್ಗೆ ಪ್ರತಿಭಾ ಅವನ ಗ್ಯಾರೇಜಿಗೆ ಹೋದಳು. ಗಿರಿ ಒಬ್ಬನೇ ಎಂಜಿನ್ ಬಿಚ್ಚುತ್ತಿದ್ದ.

"ಏನ್ ಮೇಡಂ, ಸತ್ತ ಎಂಜಿನ್‌ಗೂ ತಪಾಸಣೆ ಇದ್ಯಾ?"

ಅವಳು ಬಾಗಿಲಲ್ಲೇ ನಿಂತಳು.

"ಕಮಿಟಿಯವರು ನನ್ನನ್ನ ಕೇಳಿಲ್ಲ. ಸುದ್ದಿ ಕೇಳಿ ನಂಗೂ ಸಂಕಟ ಆಯ್ತು."

"ನನ್ನ ಕಾರನ್ನ ನ್ಯಾಯವಾಗಿ ನೋಡೋಕಾಗಲ್ಲ ಅಂದಿದ್ರಂತೆ?"

"ಅಂದಿದ್ದು ಖರೇ!" ಕಲಿತ ಬೆಂಗಳೂರಿನ ಮಾತು ಜಾರಿ, ಊರಿನ ಮಾತು ನುಗ್ಗಿ ಬಂತು. "ಅಳತಿ ತಪ್ಪಿದ್ರೂ ಬಿಟ್ಟುಬಿಡ್ತೀನೇನೋ ಅಂತ ಅಂಜಿಕಿ ಆತು ನನಗ. ನಿಮ್ಮ ಮುಖ ಸಪ್ಪಗಾದ್ರ ನೋಡಾಕ ಆಗ್ತಿರಲಿಲ್ಲ..."

ಸ್ಪ್ಯಾನರ್ ತಿರುಗಿಸುತ್ತಿದ್ದ ಕೈ ನಿಂತಿತು. ಗಿರಿ ಅಲ್ಲೇ ಟೈರಿನ ಮೇಲೆ ಕುಸಿದು ಕೂತ.

"ಚೆನ್ನೈಲಿ ಡೀಸೆಲ್ ಹಾಕ್ಸೋಕೆ ಕಾರು ಪಿಟ್‌ಗೆ ಬಂದಾಗೆಲ್ಲ ನಿಮ್ಮನ್ನೇ ಹುಡುಕ್ತಿದ್ದೆ ಕಣ್ರೀ. ಬೈಯೋಕಾದ್ರೂ ಬರ್ತೀರೇನೋ ಅಂತ. ಅಷ್ಟು ಜನ ಸುತ್ತ ಇದ್ರೂ ಯಾರೂ ಇಲ್ಲ ಅನ್ನಿಸ್ತು."

ಅವಳ ಕಣ್ಣು ತುಂಬಿತು.

"ಮುಂದಿನ ವರ್ಷ ಪೆಟ್ರೋಲ್ ಎಂಜಿನ್ ಕೂರಿಸ್ತೀನಿ," ಎಂದ ಅವನು. "ಆಗ ಮತ್ತೆ ನೀವು ಆ ಕಡೆ, ನಾನು ಈ ಕಡೆ..."

"ನಿಮ್ಮ ಕಾರು ನಾ ಇನ್ನ ಎಂದೂ ಮುಟ್ಟಂಗಿಲ್ಲ. ಸಿದ್ರಾಮಪ್ಪ ಸರ್‌ಗ ಕಾರಣಾನೂ ಹೇಳೇನಿ."

"ಅವರೇನಂದ್ರು?"

"ಆ ಹುಡುಗ್ಗ ಹೇಳೀಯೇನು, ಅಂದ್ರು."

"ನೀವೇನಂದ್ರಿ?"

"ಇನ್ನೂ ಇಲ್ಲರೀ, ಅಂದೆ."

ಗಿರಿ ಮೆಲ್ಲಗೆ ಎದ್ದು ಅವಳ ಎದುರು ಬಂದು ನಿಂತ.

"ಈಗ?"

"ಈಗ ಹೇಳಾಕತ್ತೀನಲ್ಲ... ಗಿರಿ!"