ಆಯಿಲ್ ತುಂಬಿಸಿ ಹೋದವನು

ಗುರುವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ದೂರು ಬರೆದು ತಂದಿರಲಿಲ್ಲ. ಯಾರ ಮೇಲೆ ಬರೆಯಬೇಕೆಂದೇ ತನಗೆ ಗೊತ್ತಿಲ್ಲ ಎಂದಳು.

ಆಕೆ ಕುಂಬಳ ಬೆಳೆಯುವ ರೈತನ ಹೆಂಡತಿ. ಗಂಡ ಹೊಲದ ಕೆಲಸಕ್ಕೆಂದು ಒಂದು ಹಳೆಯ ಡೀಸೆಲ್ ಪಿಕಪ್ ಕೊಂಡಿದ್ದ. ಹನ್ನೆರಡನೇ ದಿನ, ಸೋಮವಾರ ಬೆಳಿಗ್ಗೆ 6.40ಕ್ಕೆ, ಲೋಡು ತುಂಬಿಸಿಕೊಂಡು ಮಾರುಕಟ್ಟೆಗೆ ಹೊರಟವನು ಕಾಲುವೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಸೇತುವೆಯ ಗೋಡೆಗೆ ಗುದ್ದಿ ಸತ್ತ. ಚಾಲಕನ ಅತಿವೇಗ, ಅಜಾಗರೂಕತೆ ಎಂದು ಎಫ್‌ಐಆರ್ ಆಗಿತ್ತು. ಆರೋಪಿಯೂ ಅವನೇ, ಸತ್ತವನೂ ಅವನೇ. ಇಂಥ ಕಡತವೆಂದರೆ ಇಲಾಖೆಗೆ ಬಲು ಪ್ರೀತಿ; ತೆರೆದ ವಾರದಲ್ಲೇ ಮುಚ್ಚಬಹುದು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದ.

"ಅನುಮಾನ ಅಲ್ಲ ಸಾರ್. ನನ್ನ ಮೈದುನ ಮೂರು ದಿನದಿಂದ ಒಂದು ತುತ್ತು ಬಾಯಿಗಿಟ್ಟಿಲ್ಲ. ಅಣ್ಣನ್ನ ನಾನೇ ಕೊಂದೆ ಅಂತ ಗೋಡೆಗೆ ತಲೆ ಚಚ್ಕೋತಾನೆ. ಪಂಪ್‌ಸೆಟ್ ರಿಪೇರಿ ಮಾಡೋನು. ಶನಿವಾರ ಗಾಡಿಯ ಬ್ರೇಕ್ ಆಯಿಲ್ ಬದಲಾಯಿಸಿದ್ದು ಅವನೇ. ನಟ್ಟು ಬಿಗಿ ಮಾಡಿದ್ನೋ ಇಲ್ವೋ ಈಗ ಅವನಿಗೇ ನೆನಪಾಗ್ತಿಲ್ಲ."

"ಅವನ ಮೇಲೆ ಕೇಸ್ ಹಾಕ್ಬೇಕಾ?"

"ಅವನ ಕೈತಪ್ಪಾಗಿದ್ರೆ ಹಾಗೇ ಬರೀರಿ. ಅಲ್ಲ ಅಂದ್ರೆ ಅದನ್ನೂ ಬರೀರಿ. ಮನೇಲಿ ಉಳಿದಿರೋದು ಅತ್ತೆ, ಅವನು, ನಾನು. ದಿನಾ ಅವನಿಗೆ ಊಟ ಬಡಿಸೋಳು ನಾನಲ್ವಾ ಸಾರ್? ಯಾವ ಮುಖ ಇಟ್ಕೊಂಡು ಬಡಿಸ್ಲಿ?"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಇಂಥ ದೂರು ಕೇಳಿರಲಿಲ್ಲ. ಟೋಪಿ ಎತ್ತಿಕೊಂಡು ಎದ್ದ.

ಜಖಂಗೊಂಡ ಪಿಕಪ್ ಠಾಣೆಯ ಹಿಂಭಾಗದಲ್ಲೇ ನಿಂತಿತ್ತು. ಹೆಡ್ ಕಾನ್ಸ್‌ಟೇಬಲ್‌ಗೆ ಠಾಣೆಯಲ್ಲಿ ಇಟ್ಟ ಹೆಸರು 'ಗ್ರೀಸ್'. ಇಲಾಖೆಯ ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷ ಕಳೆದವನು. ಕಳ್ಳರಿಗಿಂತ ಕಾರ್ಬುರೇಟರ್ ಜೊತೆಗೇ ಅವನಿಗೆ ಸಲಿಗೆ ಎಂದು ಎಲ್ಲರೂ ರೇಗಿಸುತ್ತಿದ್ದರು. 11.05ಕ್ಕೆ, ಎದುರಿನ ಚಹಾದಂಗಡಿಯವನನ್ನೂ ಟೈಪಿಸ್ಟನನ್ನೂ ಪಂಚರಾಗಿ ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ಗಾಡಿಯ ಎಡಮೂಲೆ ನುಜ್ಜುಗುಜ್ಜಾಗಿತ್ತು. ಬಲಗಡೆ, ಬ್ರೇಕಿನ ಸಿಲಿಂಡರ್ ಇರುವ ಕಡೆ, ಗೀರೂ ಬಿದ್ದಿರಲಿಲ್ಲ. ಅದರಿಂದ ಹೊರಡುವ ಎರಡು ಪೈಪುಗಳ ನಟ್ಟುಗಳು ಮಾತ್ರ ಸಡಿಲವಾಗಿದ್ದವು.

"ಎರಡೂ ಒಂದೇ ಸಮ, ಎರಡೆರಡು ಸುತ್ತು," ಎಂದ ಗ್ರೀಸ್. "ಅಲುಗಾಟಕ್ಕೆ ಹೀಗೆ ಬಿಚ್ಕೊಳ್ಳಲ್ಲ ಸಾರ್. ಸ್ಪ್ಯಾನರ್ ಹಾಕಿದ್ದಾರೆ."

"ತಮ್ಮ ಬಿಗಿ ಮಾಡೋದು ಮರೆತಿದ್ರೆ?"

"ಭಾನುವಾರ ಬೆಳಿಗ್ಗೆ ಗಾಡಿ ಊರಿಗೆ ಹೋಗಿ ಬಂದಿದೆ ಅಂತ ಆಯಮ್ಮನೇ ಹೇಳಿದ್ರಲ್ಲ. ಇಷ್ಟು ಸಡಿಲ ಇದ್ದಿದ್ರೆ ಅವತ್ತೇ ಬ್ರೇಕ್ ಕೈಕೊಡ್ತಿತ್ತು."

ಹಾಗಾದರೆ ಕೈತಪ್ಪಲ್ಲ. ಬೇಕೆಂದೇ ಮಾಡಿದ್ದು. ಇನ್‌ಸ್ಪೆಕ್ಟರ್‌ಗೆ ಸಮಾಧಾನವೇನೂ ಆಗಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುವವರು ನಾಟಕ ಆಡಿದ್ದನ್ನೂ ಅವನು ನೋಡಿದ್ದ.

ಗ್ರೀಸ್ ಸುಮ್ಮನಿರಲಾರದೆ ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿದ. ಆಯಿಲ್ ಮೇಲಿನ ಗೆರೆಯವರೆಗೂ ತುಂಬಿತ್ತು. "ಇಷ್ಟು ಹಳೇ ಎಂಜಿನ್ ಆಯಿಲ್ ಕುಡಿಯುತ್ತೆ ಸಾರ್, ಹೀಗೆ ತುಂಬಿರಲ್ಲ. ಮೊನ್ನೆ ಮೊನ್ನೆ ಯಾರೋ ಹಾಕಿದ್ದಾರೆ."

ಮಧ್ಯಾಹ್ನ 2.30ಕ್ಕೆ, ಪಿಕಪ್ ನಿಲ್ಲಿಸುತ್ತಿದ್ದ ಹೊಲದ ಶೆಡ್ಡಿನಲ್ಲಿ ಮೈದುನನ ವಿಚಾರಣೆ ನಡೆಯಿತು. ಇಪ್ಪತ್ತೇಳರ ಯುವಕ, ಹಣೆಯ ಮೇಲೆ ಹೆಪ್ಪುಗಟ್ಟಿದ ಗಾಯ. ನೆಲ ನೋಡುತ್ತಿದ್ದವನು ತಲೆ ಎತ್ತಲಿಲ್ಲ.

"ಶನಿವಾರ ಎಂಜಿನ್ ಆಯಿಲ್ ನೋಡಿದ್ಯಾ?"

"ನೋಡ್ದೆ ಸಾರ್. ಕೆಳಗಿನ ಗೆರೆಗಿಂತ ಕಮ್ಮಿ ಇತ್ತು. ಸೋಮವಾರ ಮಾರುಕಟ್ಟೆಯಿಂದ ಬರ್ತಾ ತರೋಣ ಅಂದಿದ್ದ ಅಣ್ಣ."

"ಮತ್ತೆ ಹಾಕಿದ್ದು ಯಾರು?"

"ಯಾರೂ ಹಾಕಿಲ್ಲ."

"ತುಂಬಿದೆ."

ಅವನು ಮೊದಲ ಬಾರಿಗೆ ತಲೆ ಎತ್ತಿದ.

"ಬಾನೆಟ್ ತೆಗೆಯೋ ಹಿಡಿ ಕ್ಯಾಬಿನ್ ಒಳಗಿದೆ," ಗ್ರೀಸ್ ಕೇಳಿದ. "ಬಾಗಿಲ ಕೀಲಿ ಯಾರ ಹತ್ರ ಇರ್ತಿತ್ತು?"

"ಅಣ್ಣನ ಜೇಬಲ್ಲೇ. ನಮಗೆ ಕೊಟ್ಟಿದ್ದು ಒಂದೇ ಕೀಲಿ. ಇನ್ನೊಂದು ಕಳೆದೋಗಿದೆ ಅಂದ್ರು, ಗಾಡಿ ಮಾರಿದ ಸಾಮಿಲ್ ಯಜಮಾನ್ರು."

"ಭಾನುವಾರ ಶೆಡ್ಡಲ್ಲಿ ಯಾರೂ ಇಲ್ಲದ ಹೊತ್ತು?"

"ಹನ್ನೆರಡೂವರೆಯಿಂದ ಮೂರರ ತನಕ. ಎಲ್ರೂ ಊಟಕ್ಕೆ ಮನೆಗೆ ಹೋಗಿದ್ವಿ."

ಇಬ್ಬರೂ ಜೀಪು ಹತ್ತಿದರು. ಇನ್‌ಸ್ಪೆಕ್ಟರ್ ಕೇಳಿದ: "ಬ್ರೇಕ್ ಬಿಚ್ಚಿ ಸಾಯಿಸೋಕೆ ಬಂದವನು ಆಯಿಲ್ ಯಾಕೆ ತುಂಬಿಸ್ತಾನೋ?"

"ಅವನಿಗೆ ಆ ಮನುಷ್ಯನ ಮೇಲೆ ಹಗೆ ಇಲ್ಲ ಸಾರ್. ಗಾಡಿ ಮೇಲೆ ಜೀವ ಇದೆ. ಆಯಿಲ್ ಕಮ್ಮಿ ಇದ್ದದ್ದು ನೋಡಿ ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬಂದಿಲ್ಲ."

ಶುಕ್ರವಾರ ಬೆಳಿಗ್ಗೆ 9.15. ಸಾಮಿಲ್ಲಿನಲ್ಲಿ ಗರಗಸ ನಿಲ್ಲಿಸಿದ ಮೇಲೂ ಮರದ ಹೊಟ್ಟು ಗಾಳಿಯಲ್ಲಿ ತೇಲುತ್ತಿತ್ತು. ಯಜಮಾನ ಕುರ್ಚಿ ಒರೆಸಿ ಕೊಟ್ಟ.

"ಗಾಡಿ ಓಡಿಸ್ತಿದ್ದವರು ಯಾರು?"

"ಹನ್ನೊಂದು ವರ್ಷ ಒಬ್ಬನೇ ಡ್ರೈವರ್ ಸಾರ್. ಬೇರೆಯವರಿಗೆ ಮುಟ್ಟೋಕೂ ಬಿಡ್ತಿರಲಿಲ್ಲ. ಸೋಮವಾರದಿಂದ ಕೆಲಸಕ್ಕೆ ಬಂದಿಲ್ಲ."

"ಎರಡನೇ ಕೀಲಿ?"

"ಕಳೆದೋಯ್ತು ಅಂತ ಮಾರೋ ವಾರ ಅವನೇ ಹೇಳಿದ."

"ಕೊಂಡವನಿಗೆ ಏನಾದ್ರೂ ಷರತ್ತು ಹೇಳಿದ್ರಾ?"

"ಹದಿನೈದು ದಿನದೊಳಗೆ ತೊಂದರೆ ಕಂಡ್ರೆ ಗಾಡಿ ವಾಪಸ್ ತಗೋತೀನಿ ಅಂದಿದ್ದೆ."

"ಡ್ರೈವರ್ ಎದುರಿಗಾ?"

"ಅಲ್ಲೇ ಗಾಡಿ ತೊಳೀತಿದ್ದ."

"ಅವನಿಗೆ ನೀವೇನಾದ್ರೂ ಮಾತು ಕೊಟ್ಟಿದ್ರಾ?"

ಯಜಮಾನ ಕತ್ತು ಕೆರೆದುಕೊಂಡ. "ಕೆಲಸಕ್ಕೆ ಸೇರಿದ ಹೊಸದರಲ್ಲಿ, ಚೆನ್ನಾಗಿ ನೋಡ್ಕೋ, ಮುಂದೆ ಈ ಗಾಡಿ ನಿನಗೇ ಅಂದಿದ್ದೆ. ಬಾಯ್ಮಾತಿಗೆ ಅಂತೀವಲ್ಲ ಸಾರ್, ಹಾಗೆ."

11.40ಕ್ಕೆ ಡ್ರೈವರನ ಮನೆ ಸಿಕ್ಕಿತು. ಒಂದೇ ಕೋಣೆ. ಬಾಗಿಲ ಪಕ್ಕದ ಮೊಳೆಯಲ್ಲಿ ಪಿಕಪ್‌ನ ಕೀಲಿ ನೇತಾಡುತ್ತಿತ್ತು. ಬಚ್ಚಿಡುವ ಯೋಚನೆಯೇ ಅವನಿಗೆ ಬಂದಂತಿರಲಿಲ್ಲ. ಮಂಚದ ಕೆಳಗೆ ಖಾಲಿ ಆಯಿಲ್ ಡಬ್ಬ. ಎರಡನ್ನೂ ಪಂಚರ ಸಮಕ್ಷಮ ಜಪ್ತಿ ಮಾಡಿದರು. ಐವತ್ತು ದಾಟಿದ ಆ ಮನುಷ್ಯ ಗಡ್ಡ ಬಿಟ್ಟು, ಗೋಡೆಗೊರಗಿ ಕೂತಿದ್ದ. ಪೊಲೀಸರನ್ನು ನೋಡಿ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡ.

"ಭಾನುವಾರ ಶೆಡ್ಡಿಗೆ ಹೋಗಿದ್ಯಾ?"

"ಹೋಗಿದ್ದೆ ಸಾರ್."

"ಯಾಕೆ ಕೊಂದೆ?"

"ಕೊಲ್ಲೋಕಲ್ಲ." ಅವನು ಕೀಲಿ ತೆಗೆದ ಮೊಳೆಯತ್ತ ನೋಡಿದ. "ಆ ಗಾಡೀನ ಬೆಳಿಗ್ಗೆ ತೆಗೆಯೋ ಮುಂಚೆ ಬ್ರೇಕ್‌ನ ಮೂರು ಸಲ ಪೂರ್ತಿ ತುಳೀಬೇಕು ಸಾರ್. ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸಿಲ್ಲ ನಾನು. ತುಳಿದಿದ್ರೆ ಮೂರನೇ ಸಲಕ್ಕೆ ಪೆಡಲ್ ನೆಲ ಮುಟ್ತಿತ್ತು. ಗಾಡಿ ಶೆಡ್ಡೇ ದಾಟ್ತಿರಲಿಲ್ಲ. ಇದು ಕೆಟ್ಟ ಗಾಡಿ ಅಂತ ವಾಪಸ್ ಕೊಡ್ತಿದ್ರು. ಯಜಮಾನ್ರು ಕೊನೆಗೆ ಬೇಸತ್ತು ನನಗೇ ಕೊಡ್ತಾರೆ ಅಂದ್ಕೊಂಡೆ."

"ಮೂರು ಸಲ ತುಳೀಬೇಕು ಅಂತ ಅವನಿಗೆ ಯಾರು ಹೇಳಿದ್ರು?"

ಡ್ರೈವರ್ ಗೋಡೆಗೊರಗಿ ಮತ್ತೆ ಕೂತ.

"ಗಾಡಿ ತಗೊಂಡು ಹೋದ ದಿನ ಅವರೇ ನನ್ನ ಹತ್ರ ಬಂದಿದ್ರು," ಎಂದ ನಿಧಾನವಾಗಿ. "ಇಷ್ಟು ವರ್ಷ ಓಡಿಸಿದ್ದೀರಣ್ಣ, ಇದರ ಬಗ್ಗೆ ಏನಾದ್ರೂ ಹೇಳೋದಿದ್ಯಾ ಅಂತ ಕೇಳಿದ್ರು. ನಾನು ಮುಖ ತಿರುಗಿಸ್ಕೊಂಡು ಹೋದೆ."

12.10ಕ್ಕೆ ದಸ್ತಗಿರಿ ಆಯಿತು.

ಸಂಜೆ 4.10ಕ್ಕೆ ಹೆಂಗಸೂ ಮೈದುನನೂ ಹೇಳಿಕೆಗೆ ಸಹಿ ಹಾಕಲು ಬಂದರು. ಇನ್‌ಸ್ಪೆಕ್ಟರ್ ಇಬ್ಬರನ್ನೂ ಕೂರಿಸಿ, ತನಿಖಾ ವರದಿಯ ಒಂದು ಸಾಲನ್ನು ಎರಡು ಸಲ ಓದಿ ಹೇಳಿದ: ಶನಿವಾರ ನಟ್ಟುಗಳನ್ನು ಸರಿಯಾಗಿ ಬಿಗಿ ಮಾಡಲಾಗಿತ್ತು. ಮೈದುನ ಮೇಜಿನ ಅಂಚು ಹಿಡಿದುಕೊಂಡು, ಎಲ್ಲರೆದುರು, ಮಗುವಿನಂತೆ ಅತ್ತ. ಗ್ರೀಸ್ ಕಿಟಕಿಯ ಕಡೆ ತಿರುಗಿ ನಿಂತ.

ಅಷ್ಟರಲ್ಲಿ ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಡ್ರೈವರನನ್ನು ಕರೆದೊಯ್ಯುತ್ತಿದ್ದರು. ಹೆಂಗಸು ಎದ್ದು ಬಾಗಿಲಿಗೆ ಅಡ್ಡ ನಿಂತಳು. ಕಾನ್ಸ್‌ಟೇಬಲ್ ತಡೆಯಲು ಹೋದ; ಇನ್‌ಸ್ಪೆಕ್ಟರ್ ಬೇಡವೆಂದು ಕೈ ಮಾಡಿದ.

"ನಮ್ಮನೆಯವರು ನಿನಗೆ ಏನು ಮಾಡಿದ್ರು?" ಎಂದು ಕೇಳಿದಳು.

"ಏನೂ ಮಾಡಿಲ್ಲಮ್ಮ." ಡ್ರೈವರ್ ಬೇಡಿ ಹಾಕಿದ ಕೈಗಳನ್ನು ಎದೆಗೆ ಒತ್ತಿಕೊಂಡಿದ್ದ. "ನನಗೆ ಅವರ ಹೆಸರೂ ಗೊತ್ತಿರಲಿಲ್ಲ."

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅಪರಾಧದ ಉದ್ದೇಶ ಬರೆಯುವ ಜಾಗದಲ್ಲಿ ಇನ್‌ಸ್ಪೆಕ್ಟರ್ "ವಾಹನವನ್ನು ಮರಳಿ ಪಡೆಯುವ ಆಸೆ" ಎಂದು ಬರೆದ. ಹನ್ನೊಂದು ವರ್ಷದ ಹಿಂದೆ ಕುರ್ಚಿಯಲ್ಲಿ ಕೂತು ಬಾಯ್ಮಾತಿಗೆ ಆಸೆ ಹುಟ್ಟಿಸಿದವನ ಮೇಲೆ ಹಾಕಲು ಯಾವ ಕಲಮೂ ಇರಲಿಲ್ಲ. ಅವನನ್ನು ಸಾಕ್ಷಿ ಮಾಡಿ, ನಾಲ್ಕನೇ ಸಂಖ್ಯೆ ಕೊಟ್ಟ.

ಹೊರಗೆ, ಪಿಕಪ್ ನಿಂತಿದ್ದ ಕಡೆ ಮೈದುನ ಹೆಜ್ಜೆ ಕಿತ್ತಿಡದೆ ನಿಂತುಬಿಟ್ಟಿದ್ದ. ಹೆಂಗಸು ಸ್ವಲ್ಪ ಮುಂದೆ ಹೋದವಳು ಹಿಂತಿರುಗಿ ಬಂದಳು.

"ನಡಿ," ಎಂದಳು. "ಊಟದ ಹೊತ್ತು ಯಾವಾಗಲೋ ಮೀರಿದೆ."