ಕೊನೆಯ ಸಾಲಿನ ಸಾಕ್ಷಿ

ಹದಿನಾರು ದಿನ ಎಡೆಬಿಡದೆ ಓಡಿದ್ದ ಲೆಕ್ಕ, ಹನ್ನೊಂದೂವರೆಗೆ ನೋಡಿದರೆ ಸತ್ತುಬಿದ್ದಿತ್ತು! ಹೊಸ ಸೇತುವೆ ಗಾಳಿಗೆ ಎಷ್ಟು ತೂಗಾಡೀತು ಎಂಬ ಲೆಕ್ಕ. ಲೆಕ್ಕ ಓಡುವ ಟರ್ಮಿನಲ್ ಎಂಬ ಕಪ್ಪು ಪರದೆಯ ಕೊನೆಯಲ್ಲಿ ಒಂದೇ ಮಾತು — ಕೀಬೋರ್ಡಿನಿಂದ ನಿಲ್ಲಿಸಲಾಗಿದೆ. ಇನ್ನು ಮೊದಲಿನಿಂದ ಶುರುಮಾಡಬೇಕು, ಬೇರೆ ದಾರಿಯಿಲ್ಲ.

ಪ್ರಯೋಗಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನಿಗೆ ವೈದ್ಯ ಎಂದೇ ಅಡ್ಡಹೆಸರು. ಲೆಕ್ಕ ಅವನ ಸ್ವಂತ ಅಕ್ಕನದು. ಅವನು ಓಡಿ ಬರುವಷ್ಟರಲ್ಲಿ ನಿರ್ದೇಶಕರು ಅಪರಾಧಿಯನ್ನು ಹಿಡಿದೂಬಿಟ್ಟಿದ್ದರು.

"ಇವಳೇ! ಮೇಜು ಒರೆಸೋಕೆ ಬಂದವಳು ಕೀಬೋರ್ಡ್ ಮೇಲೂ ಬಟ್ಟೆ ಆಡಿಸಿದ್ದಾಳೆ. ನಾಳೆಯಿಂದ ಬರೋದು ಬೇಡ."

ಕಸ ಗುಡಿಸುವಾಕೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. "ಒರೆಸಿದ್ದು ನಿಜ ಸ್ವಾಮಿ. ಆಗ್ಲೇ ಪರದೆ ಮೇಲೆ ಸಾಲು ಓಡ್ತಾ ಇರ್ಲಿಲ್ಲ. ನನ್ನ ಮಾತು ಯಾರು ನಂಬ್ತಾರೆ?"

"ಅಕ್ಕ, ನೀನೆಲ್ಲಿದ್ದೆ?" ವೈದ್ಯ ಕೇಳಿದ.

"ಲೆಕ್ಕದ ಒಂದು ಸಾಲು ನಕಲು ಮಾಡಿ ಸಾಹೇಬರಿಗೆ ಮೇಲ್ ಕಳಿಸಿದೆ, ಎದ್ದು ಹೋದೆ. ನಕಲು ಸರಿಯಾಗೇ ಬಂದಿದೆ, ಬೇಕಾದ್ರೆ ನೋಡು!"

"ನನಗೆ ತಲುಪಿದೆ. ನಿಮ್ಮಕ್ಕನದೇನು ತಪ್ಪು?" ಎಂದರು ನಿರ್ದೇಶಕರು.

ವೈದ್ಯ ಮೇಲ್‌ನಲ್ಲಿದ್ದ ಸಾಲು ಓದಿದ. ಪರದೆ ನೋಡಿದ. ಅಕ್ಕನ ಕಡೆ ತಿರುಗಿದ.

"ನಕಲು ಮಾಡೋ ಕೀ ಎಷ್ಟು ಸಲ ಒತ್ತಿದೆ?"

"ಎಷ್ಟು ಸಲ ಅಂದ್ರೆ? ಒಂದ್ಸಲ!"

ಒಂದು ಸಲವಂತೆ! ಬೀಗ ಹಾಕಿ ಮತ್ತೆ ಜಗ್ಗಿ ನೋಡುವವಳು, ಲಿಫ್ಟಿನ ಗುಂಡಿ ಎರಡೆರಡು ಸಲ ಅದುಮುವವಳು, ಚಿಕ್ಕಂದಿನಲ್ಲಿ ಅವನ ಬೂಟಿನ ಲೇಸು ಕಟ್ಟಿ ಇನ್ನೊಮ್ಮೆ ಎಳೆದು ನೋಡುತ್ತಿದ್ದವಳು! ತಾನು ಬಾಯಿ ಮುಚ್ಚಿಕೊಂಡಿದ್ದರೆ ಅಕ್ಕ ಬಚಾವು. ಆದರೆ ಆ ಹೆಂಗಸಿನ ಅನ್ನ? ಅವಳ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

"ಸಾರ್, ಲೆಕ್ಕ ಐದು ಸೆಕೆಂಡಿಗೊಂದು ಸಾಲು ಬರೆಯುತ್ತೆ. ಅಕ್ಕ ನಕಲು ಮಾಡಿದ್ದು ಈ ಕೊನೇ ಸಾಲನ್ನೇ. ಅಂದ್ರೆ ನಕಲಾದ ಐದು ಸೆಕೆಂಡಿನೊಳಗೆ ಲೆಕ್ಕ ನಿಂತಿದೆ. ಅಷ್ಟರಲ್ಲಿ ಅಕ್ಕ ಮೇಲ್ ಬರೆದು, ಎದ್ದು ಹೋಗಿ, ಈಯಮ್ಮ ಬಂದು ಒರೆಸೋಕಾಗುತ್ತಾ?"

"ಮತ್ತೆ ಯಾರು?"

"ಮನೇದು, ಆಫೀಸಿಂದು, ಈ ದೊಡ್ಡದು — ಮೂರೂ ಬೇರೆ ಬೇರೆ ಥರದ ಕಂಪ್ಯೂಟರು. ನಕಲಿಗೆ ಒಂದೊಂದರಲ್ಲಿ ಒಂದೊಂದು ಕೀ. ಬೆರಳಿಗೆ ಹುಚ್ಚು ಹಿಡಿಯುತ್ತೆ ಕಣೋ ಅಂತ ಅಕ್ಕ ಗೋಗರೆದಳು. ಹೋದ ವಾರ ಮೂರರಲ್ಲೂ ನಕಲಿಗೆ ಕಂಟ್ರೋಲ್-ಸಿ ಮಾಡಿಟ್ಟೆ. ಆದ್ರೆ ಟರ್ಮಿನಲ್‌ನಲ್ಲಿ ಮೊದಲಿಂದಲೂ ಅದರ ಅರ್ಥ ‘ನಿಲ್ಲಿಸು’ ಅಂತ. ಅದಕ್ಕೆ, ಸಾಲು ಆಯ್ದಿದ್ರೆ ನಕಲು, ಆಯ್ದಿಲ್ಲದಿದ್ರೆ ನಿಲ್ಲಿಸು ಅಂತ ಕಟ್ಟಿದೆ. ಮೊದಲ ಸಲ ಒತ್ತಿದಾಗ ನಕಲಾಯ್ತು, ಆಯ್ಕೆ ಅಳಿಸಿಹೋಯ್ತು. ಎರಡನೇ ಸಲ—"

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

"ಅವಳು ಎರಡು ಸಲ ಒತ್ತುತ್ತಾಳೆ ಅಂತ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಯೋಚಿಸಲಿಲ್ಲ. ತಪ್ಪು ನಂದು, ನನ್ನ ಹೆಸರು ಬರೀರಿ."

ನಿರ್ದೇಶಕರು ಪರದೆಯ ಕಡೆ ನೋಡಿದರು. "ಹದಿನಾರು ದಿನ..." ಎನ್ನುತ್ತ ಹೊರಟರು.

"ಸ್ವಾಮಿ, ನಾಳೆ ನಾನು ಬರ್ಲಾ?"

"ಬಾ," ಎಂದರು, ತಿರುಗಿ ನೋಡದೆ.

ವೈದ್ಯ ಆ ಏರ್ಪಾಟನ್ನು ಕಿತ್ತುಹಾಕಿದ. ಅಕ್ಕ ಕಣ್ಣೊರೆಸಿಕೊಂಡು, ಲೆಕ್ಕವನ್ನು ಮೊದಲಿನಿಂದ ಶುರುಮಾಡಲು ಎಂಟರ್ ಒತ್ತಿದಳು. ಮತ್ತೊಮ್ಮೆ ಒತ್ತಿದಳು.

"ಏನ್ ಮಾಡ್ಲೋ, ಕೈ ಕೇಳಲ್ಲ," ಎಂದಳು. ಅವನು ಅವಳ ಪಕ್ಕ ಕೂತ.