ಒಂಬತ್ತನೇ ಹೆಲ್ಮೆಟ್

"ನಿಮಗೆ ನಾನು ಹೆಲ್ಮೆಟ್ ಮಾರೋದಿಲ್ಲ."

ಸೈಕಲ್ ಅಂಗಡಿಯ ಆಲ್ಡೊ ಫರಾನೊ ಇಷ್ಟು ಹೇಳಿ ಕೈಯಲ್ಲಿದ್ದ ಹೆಲ್ಮೆಟ್ಟನ್ನು ಮತ್ತೆ ಕಪಾಟಿನಲ್ಲಿಟ್ಟ. ಪೊಲೀನಾಳ ಕಿವಿಗೆ ಬಿದ್ದದ್ದು ಆ ಮಾತೊಂದೇ.

ಒಂದು ನಿಮಿಷದ ಹಿಂದಷ್ಟೇ ಅವಳು ತನ್ನ ಉಣ್ಣೆಯ ಟೋಪಿ ತೆಗೆದಿದ್ದಳು. ಎಡಗಿವಿಯ ಮೇಲಿನಿಂದ ಹಿಂದಲೆಯವರೆಗೆ ಬಾಗಿ ಹೋದ ಗಾಯದ ಗೆರೆ, ಅದರ ಸುತ್ತ ಇನ್ನೂ ಬೆರಳುದ್ದವಷ್ಟೇ ಬೆಳೆದ ಕೂದಲು. ಏಳು ತಿಂಗಳಿಂದ ಅಜ್ಜಿಯ ಮುಂದೆ, ಡಾಕ್ಟರ ಮುಂದೆ ಬಿಟ್ಟರೆ ಅವಳು ಯಾರ ಎದುರೂ ಟೋಪಿ ತೆಗೆದಿರಲಿಲ್ಲ.

'ನೋಡಿದ ಕೂಡಲೇ ಇವನ ಮುಖ ಬಿಳಿಚಿಕೊಂಡಿತು... ಅಷ್ಟು ಅಸಹ್ಯವಾಗಿದ್ದೇನೆಯೇ ನಾನು?'

"ಯಾಕೆ ಮಾರಲ್ಲ?" ಎಂದು ಕೇಳಿದಳು. ದನಿ ಒಡೆಯದಂತೆ ಹಲ್ಲು ಕಚ್ಚಿಕೊಂಡಿದ್ದಳು.

"ನೀವು ಮತ್ತೆ ಬೆಟ್ಟ ಹತ್ತಬಾರದು. ಅದಕ್ಕೆ."

"ಅದನ್ನ ಹೇಳೋಕೆ ನೀವ್ಯಾರು? ನಮ್ಮಪ್ಪನಾ? ಡಾಕ್ಟ್ರಾ?"

ಅವನು ಕಪಾಟಿನ ಬಾಗಿಲು ಹಾಕಿದ. ಪೊಲೀನಾ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡು ಹೊರಗೆ ನಡೆದಳು. ಬೀದಿಯ ತಿರುವಿನವರೆಗೆ ಹೇಗೋ ತಡೆದುಕೊಂಡಳು. ಆಮೇಲೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು.

ಅದು ಅವಳು ಹತ್ತಿಳಿದ ನಾಲ್ಕನೇ ಅಂಗಡಿ, ಕಳೆದ ಸೆಪ್ಟೆಂಬರಿನಲ್ಲಷ್ಟೇ ತೆರೆದದ್ದು; ಮೊದಲ ಮೂರರಲ್ಲಿ ಟೋಪಿ ತೆಗೆಯದೆಯೇ ಹೆಲ್ಮೆಟ್ ಹಾಕಿ ನೋಡಿದ್ದಳು. ಇನ್ನು ಮುಂದಿನ ಅಂಗಡಿಗೆ ಎರಡು ಕಣಿವೆ ದಾಟಬೇಕು.

ಲಾರ್ಚ್ ಫೆರ್ರಿ ಊರಿನ ಸುತ್ತಲಿನ ಕೂಟನೇ ಎಂಬ ಬೆಟ್ಟಸಾಲಿನಲ್ಲಿ ಸೈಕಲ್ ದಾರಿಗಳನ್ನು ಕಟ್ಟುವ ತಂಡದಲ್ಲಿ ಪೊಲೀನಾ ಕಜಾಕೋಫ್‌ಗೆ ಆರು ವರ್ಷದ ಕೆಲಸ. ಬೆಳಿಗ್ಗೆ ಗರಗಸ, ಗುದ್ದಲಿ ಬೆನ್ನಿಗೆ ಕಟ್ಟಿಕೊಂಡು ಸೈಕಲ್ ಮೇಲೆ ಬೆಟ್ಟ ಹತ್ತುವುದು, ಬಿದ್ದ ಮರ ಕಡಿಯುವುದು, ತಿರುವುಗಳಿಗೆ ಮಣ್ಣು ಮೆತ್ತುವುದು, ಸಂಜೆ ತಾವೇ ಕಟ್ಟಿದ ದಾರಿಯಲ್ಲಿ ಗಾಳಿಯಂತೆ ಇಳಿಯುವುದು. ಇಪ್ಪತ್ತೊಂಬತ್ತು ವರ್ಷದ ಅವಳಿಗೆ ಬೇರೆ ಬದುಕು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಇಳಿಜಾರಿನಲ್ಲಿ ಚಕ್ರ ಜಾರಿ, ಅವಳ ತಲೆ ಮರದ ಮೋಟಿಗೆ ಬಡಿದಿತ್ತು. ಹನ್ನೊಂದು ವಾರ ದೂರದೂರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಬೀಳುವ ಮುಂಚಿನ ಎರಡು ವಾರ, ಬಿದ್ದ ಮೇಲಿನ ಒಂದು ತಿಂಗಳು ಅವಳ ನೆನಪಿನಿಂದ ಒರೆಸಿದಂತೆ ಹೋಗಿದ್ದವು.

ತಂಡದ ಮುಖ್ಯಸ್ಥೆ ಗ್ವೆನ್ ಟ್ರಾಸ್ಕ್ ಅವಳ ಜಾಗವನ್ನು ಖಾಲಿ ಇಟ್ಟುಕೊಂಡು ಕಾದಿದ್ದಳು. ಡಾಕ್ಟರೂ ಒಪ್ಪಿಗೆ ಕೊಟ್ಟಿದ್ದರು. ಆದರೆ ಮೇ ಒಂದರಂದು ಕೆಲಸ ಶುರು, ಅಂದು ಬೆಳಗಿನಿಂದ ಸಂಜೆಯವರೆಗೆ ಹೆಲ್ಮೆಟ್ ತಲೆಯ ಮೇಲಿರಬೇಕು. ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ.

ಯಾವ ಹೆಲ್ಮೆಟ್ ಹಾಕಿದರೂ ಹತ್ತೇ ನಿಮಿಷದಲ್ಲಿ ಗಾಯದ ಮೇಲೆ ಕೆಂಡ ಇಟ್ಟಂತಾಗುತ್ತಿತ್ತು. ನೋವಾಗದಂಥದ್ದು ಎಲ್ಲೋ ಇದ್ದರೂ ಅದರ ಬೆಲೆ ಅವಳ ಕೈಗೆ ಎಟುಕುತ್ತಿರಲಿಲ್ಲ. ನೋವು, ಬೆಲೆ ಬಿಟ್ಟರೆ ಮೂರನೆಯ ಆಸೆಯೊಂದಿತ್ತು, ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೇ ನಾಚಿಕೆ. ನೋಡಲು ಚೆನ್ನಾಗಿರಬೇಕು... ಕನ್ನಡಿಯಲ್ಲಿ ಮತ್ತೆ ರೋಗಿ ಕಾಣಬಾರದು.

ಮರುದಿನ ಬೆಳಿಗ್ಗೆ ಅಜ್ಜಿಯ ಮನೆಯ ಬಾಗಿಲು ತಟ್ಟಿದ್ದು ಆಲ್ಡೊ. ಕಂಕುಳಲ್ಲಿ ಮೂರು ಡಬ್ಬಗಳು.

"ನಿನ್ನೆ ನಾನಾಡಿದ್ದು ತಪ್ಪು," ಎಂದ. "ನೀವು ಹೇಗಿದ್ರೂ ಹತ್ತೇ ಹತ್ತುತ್ತೀರಿ. ಹತ್ತೋದಾದ್ರೆ ಸರಿಯಾದ್ದು ಹಾಕ್ಕೊಂಡೇ ಹತ್ತಿ."

ಪೊಲೀನಾ ಬಾಗಿಲು ಮುಚ್ಚುವವಳೇ ಇದ್ದಳು. ಅಜ್ಜಿ ಫೆನ್ಯಾ ಹಿಂದಿನಿಂದ ಬಂದು, ಬೋರ್ಷ್ ಸಾರು ಬಿಸಿ ಇದೆ, ಜಗಳ ಆಡೋದಾದರೆ ಉಂಡು ಆಡಿ ಎಂದು ಅವನನ್ನು ಒಳಗೆ ಕರೆದಳು. ಆ ಮನೆಯಲ್ಲಿ ಅಜ್ಜಿಯ ಮಾತು ಮೀರಿದವರಿಲ್ಲ.

ಅಂದಿನಿಂದ ಅವನು ದಿನ ಬಿಟ್ಟು ದಿನ ಬಂದ. ಹಣೆಯಿಂದ ಎರಡು ಬೆರಳು ಮೇಲೆ ಕೂರಬೇಕು, ಪಟ್ಟಿ ಕಟ್ಟದೆ ತಲೆ ಅಲ್ಲಾಡಿಸಿದರೂ ಜಾರಬಾರದು, ಹಿಂದಲೆಯ ಪಟ್ಟಿಯ ತಿರುಪನ್ನು ಬಿಗಿದು ಅಲ್ಲ, ಅಳತೆಯಿಂದಲೇ ಹೊಂದಿಸಬೇಕು ಎಂದು ತೋರಿಸಿಕೊಟ್ಟ. ಪೊಲೀನಾ ಹೆಲ್ಮೆಟ್ ಹಾಕಿಕೊಂಡು ಅಡುಗೆಮನೆಯಲ್ಲಿ ಬಿತ್ತನೆಯ ಆಲೂಗಡ್ಡೆ ಹೆಚ್ಚುತ್ತ ಕೂರುತ್ತಿದ್ದಳು. ಎಷ್ಟು ಹೊತ್ತಿಗೆ, ಎಲ್ಲಿ ನೋವು ಶುರುವಾಯಿತು ಎಂಬುದನ್ನೆಲ್ಲ ಅವನು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

ಮೊದಲನೆಯದು ಕಪಾಲ ಒತ್ತಿತು. ಎರಡನೆಯದರ ಭಾರಕ್ಕೆ ಕುತ್ತಿಗೆ ಸೋತಿತು. ಮೂರನೆಯದು ಮೆತ್ತಗಿತ್ತು, ಅಗ್ಗವೂ ಆಗಿತ್ತು. ಆದರೆ ಅಜ್ಜಿ ಅದನ್ನು ನೋಡಿ, "ಅಯ್ಯೋ ಮಗಳೇ, ಹಾಲು ಕಾಯ್ಸೋ ಪಾತ್ರೆ ಬೋರಲು ಹಾಕ್ಕೊಂಡ ಹಾಗಿದೆ," ಎಂದುಬಿಟ್ಟಳು. ಪೊಲೀನಾ ನಗಲಿಲ್ಲ. ಎದ್ದು ಕೋಣೆಗೆ ಹೋದಳು.

ಆಲ್ಡೊ ಅದನ್ನು ಡಬ್ಬಕ್ಕೆ ಹಾಕಿ, "ಇದು ಬೇಡ," ಎಂದ.

"ಅಂದ ನೋಡೋ ಕಾಲವಾ ಇದು? ತಲೆ ಉಳಿದಿದ್ದೇ ಹೆಚ್ಚು," ಎಂದಳು ಅಜ್ಜಿ.

"ಚೆಂದ ಕಾಣದ ಹೆಲ್ಮೆಟ್ಟನ್ನ ಜನ ಮನೇಲೇ ಬಿಟ್ಟು ಹೋಗ್ತಾರೆ ಅಜ್ಜಿ. ಅದೂ ಮುಖ್ಯ."

ಬಾಗಿಲ ಹಿಂದೆ ನಿಂತಿದ್ದ ಪೊಲೀನಾಗೆ ಇದು ಕೇಳಿಸಿತು. ತಾನು ಯಾರಿಗೂ ಹೇಳದ ಮಾತು ಇವನಿಗೆ ಹೇಗೆ ಗೊತ್ತಾಯಿತು?

ಏಪ್ರಿಲ್ ಓಡುತ್ತಿತ್ತು. ಆರು... ಏಳು... ಎಂಟು. ಒಂದೂ ಹೊಂದಲಿಲ್ಲ. ಎಂಟನೆಯದನ್ನು ಅರ್ಧ ಗಂಟೆ ತಡೆದುಕೊಂಡವಳು ಕೊನೆಗೆ ಕಿತ್ತು ಮೇಜಿನ ಮೇಲೆ ಎಸೆದಳು. ಒಳಗಿನ ಫೋಮನ್ನು ಗಾಯದ ಜಾಗದಲ್ಲಿ ಚಾಕುವಿನಿಂದ ಕೆತ್ತಿ ಕೊಡಿ ಎಂದು ಅವನ ತೋಳು ಹಿಡಿದು ಬೇಡಿದಳು. ಬೇರೆ ದಾರಿಯಿಲ್ಲ, ಹತ್ತೇ ದಿನ ಉಳಿದಿದೆ ಎಂದು ಗೋಗರೆದಳು.

"ಕೆತ್ತಲ್ಲ," ಎಂದ ಆಲ್ಡೊ. "ಕೆತ್ತಿದ್ರೆ ನೋವು ಹೋಗ್ತದೆ, ಬಿದ್ದ ದಿನ ಜೀವಾನೂ ಹೋಗ್ತದೆ. ಬೇರೆ ಏನು ಬೇಕಾದ್ರೂ ಕೇಳಿ."

ಅವಳು ಮೇಜಿಗೆ ಹಣೆ ಹಚ್ಚಿ ಬಿಕ್ಕಿದಳು. ಅವನು ಅವಳ ಅಳು ನಿಲ್ಲುವವರೆಗೆ ಪಕ್ಕದಲ್ಲೇ ಕೂತು, ಅರ್ಧಕ್ಕೆ ನಿಂತಿದ್ದ ಆಲೂಗಡ್ಡೆಯನ್ನೆಲ್ಲ ಹೆಚ್ಚಿ ಮುಗಿಸಿದ. ಆ ಹೊತ್ತಿನಲ್ಲೇ ಎಲ್ಲೋ ಪೊಲೀನಾಳ ಮನಸ್ಸು ಅವನ ಕಡೆ ವಾಲಿತು. ಇಷ್ಟು ದಿನ ತನ್ನ ಗಾಯವನ್ನು ಕಂಡು ಅವನು ಒಮ್ಮೆಯೂ ಕಣ್ಣು ತಪ್ಪಿಸಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಎರಡು ದಿನದ ಮೇಲೆ ಅವನು ಒಂಬತ್ತನೆಯದನ್ನು ತಂದ. ಕಡು ಹಸಿರು ಬಣ್ಣ. ಕಳೆದ ವರ್ಷದ ಮಾದರಿ, ಆ ಬಣ್ಣವನ್ನು ಯಾರೂ ಕೇಳಲಿಲ್ಲವೆಂದು ಅರ್ಧ ಬೆಲೆಗೆ ಇಳಿಸಿದ್ದರು. ಹಿಂದಲೆಯನ್ನು ಹಿಡಿಯುವ ಅದರ ಪಟ್ಟಿ ಉಳಿದವುಗಳಿಗಿಂತ ಕೆಳಗೆ, ಗಾಯದ ಗೆರೆಯನ್ನು ಮುಟ್ಟದಂತೆ ಕೂರುತ್ತಿತ್ತು. ಗಲ್ಲದ ಪಟ್ಟಿ ಹೊಂದಿಸುವಾಗ ಅವನ ಬೆರಳು ಅವಳ ಮೋಟುಗೂದಲಿಗೆ ಸೋಕಿತು. ಪೊಲೀನಾ ಉಸಿರು ಹಿಡಿದಳು. ಅವನೂ ಹಿಡಿದಿದ್ದ.

ಒಂದು ಗಂಟೆ ಕಳೆಯಿತು. ಅಜ್ಜಿ ಪಿರಾಹಿ ಕಡುಬು ಬಡಿಸಿದಳು. ಮೂರನೆಯ ಕಡುಬು ತಿನ್ನುತ್ತಿದ್ದ ಪೊಲೀನಾ ಥಟ್ಟನೆ ನಿಂತಳು. ತಲೆಯ ಮೇಲೆ ಹೆಲ್ಮೆಟ್ ಇರುವುದೇ ಅವಳಿಗೆ ಮರೆತುಹೋಗಿತ್ತು.

ಓಡಿಹೋಗಿ ಕನ್ನಡಿ ನೋಡಿದಳು. ರೋಗಿ ಇರಲಿಲ್ಲ. ಹಸಿರು ಹೆಲ್ಮೆಟ್ಟಿನ ಕೆಳಗೆ ಬೆಟ್ಟಕ್ಕೆ ಹೊರಟ ಒಬ್ಬ ಹೆಣ್ಣುಮಗಳಿದ್ದಳು. ಏಳು ತಿಂಗಳ ಮೇಲೆ ಅವಳು ನಕ್ಕಳು.

ಅವನು ಹೋದ ಮೇಲೆ, ಅದೇ ಹುರುಪಿನಲ್ಲಿ, ಸೈಕಲ್ ತೆಗೆಯಲೆಂದು ಹಿತ್ತಲಿನ ಶೆಡ್ಡಿಗೆ ಹೋದಳು. ಅಲ್ಲಿ ಆಸ್ಪತ್ರೆಯಿಂದ ಬಂದ ಚೀಲ ಇನ್ನೂ ಬಿಚ್ಚದೆ ಬಿದ್ದಿತ್ತು. ಒಳಗೆ ಹರಿದ ಅಂಗಿ, ಒಂದು ಬೂಟು, ಒಡೆದ ನೀಲಿ ಹೆಲ್ಮೆಟ್. ಅದರ ಒಳಪದರಕ್ಕೆ ಅಂಟಿಸಿದ್ದ ಚೀಟಿಯಲ್ಲಿ ಪೆನ್ನಿನಿಂದ ಬರೆದಿತ್ತು: 'ಪೊಲೀನಾ ಕೆ. ಅಳತೆ ಸ್ವಲ್ಪ ದೊಡ್ಡದು.' ಕೆಳಗೆ ಅವಳು ಬಿದ್ದದ್ದಕ್ಕಿಂತ ನಾಲ್ಕು ದಿನ ಮುಂಚಿನ ತಾರೀಖು.

ಆ ಕೈಬರಹವನ್ನು ಅವಳು ಮೂರು ವಾರದಿಂದ ದಿನ ಬಿಟ್ಟು ದಿನ ಪುಟ್ಟ ಪುಸ್ತಕದಲ್ಲಿ ನೋಡುತ್ತಿದ್ದಳು.

ಅವಳು ಅಂಗಡಿಗೆ ಹೋದಾಗ ಆಲ್ಡೊ ಒಬ್ಬನೇ ಇದ್ದ. ಎರಡೂ ಹೆಲ್ಮೆಟ್ಟುಗಳನ್ನು ಅವನ ಮುಂದಿಟ್ಟಳು. ನೀಲಿಯದನ್ನು ನೋಡುತ್ತಲೇ ಅವನು ಕುರ್ಚಿಯ ಬೆನ್ನನ್ನು ಹಿಡಿದುಕೊಂಡ.

"ನೀವು ಮಾರಿದ್ದಾ?"

"ಹೌದು."

"ದೊಡ್ಡದು ಅಂತ ಗೊತ್ತಿತ್ತಾ?"

"ಗೊತ್ತಿತ್ತು." ಅವನು ಆ ಚೀಟಿಯ ಮೇಲೆ ಬೆರಳಿಟ್ಟ. "ಸರಿಯಾದ ಅಳತೆಯದು ಬರೋಕೆ ಒಂದು ವಾರ ಆಗ್ತದೆ ಅಂದೆ. ನಾಳೆನೇ ಬೇಕು, ಬಣ್ಣ ಚೆನ್ನಾಗಿದೆ, ದುಡ್ಡಿಗೂ ಹೊಂದ್ತದೆ ಅಂತ ನಕ್ರಿ ನೀವು. ಆ ನಗೂಗೆ ಸೋತು ತಿರುಪು ಬಿಗಿದು ಕೊಟ್ಬಿಟ್ಟೆ. ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ."

"ಹಾಗಾದ್ರೆ ಈ ಮೂರು ವಾರ... ಅದೆಲ್ಲ ಪ್ರಾಯಶ್ಚಿತ್ತವಾ?"

ಆಲ್ಡೊ ಬಾಯಿ ತೆರೆದ. ಮಾತು ಬರಲಿಲ್ಲ. ಆ ಮೌನವನ್ನೇ ಉತ್ತರವೆಂದುಕೊಂಡ ಪೊಲೀನಾ ಹಸಿರು ಹೆಲ್ಮೆಟ್ಟನ್ನು ಅಲ್ಲೇ ಬಿಟ್ಟು, ಒಡೆದದ್ದನ್ನು ಎತ್ತಿಕೊಂಡು ಹೊರಟುಹೋದಳು.

'ನನ್ನನ್ನಲ್ಲ ಅವನು ನೋಡುತ್ತಿದ್ದದ್ದು... ತನ್ನ ತಪ್ಪನ್ನು.'

ಆಮೇಲಿನ ದಿನಗಳಲ್ಲಿ ಅವಳು ಸರಿಯಾಗಿ ಉಣ್ಣಲಿಲ್ಲ. ಗ್ವೆನ್ ತನ್ನ ಬಳಿಯಿದ್ದ ಹೆಲ್ಮೆಟ್ ಕೊಟ್ಟಳು. ಅದನ್ನು ಹಾಕಿಕೊಂಡು ಇಪ್ಪತ್ತು ನಿಮಿಷಕ್ಕೆ ಪೊಲೀನಾ ದಾರಿಬದಿಯಲ್ಲಿ ವಾಂತಿ ಮಾಡಿಕೊಂಡಳು. ಗ್ವೆನ್ ಅವಳ ಬೆನ್ನು ಸವರಿದಳು. ಅಂಗಡಿಗೆ ಹೋಗಿ ಆ ಹಸಿರು ಹೆಲ್ಮೆಟ್ ತಾ, ಹಟ ಬೇಡ ಎಂದು ಅಜ್ಜಿ ಹೇಳಿದಳು. ಪೊಲೀನಾ ಗೋಡೆಯ ಕಡೆ ತಿರುಗಿ ಮಲಗಿದಳು.

ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಆಸ್ಪತ್ರೆಯ ಕೊನೆಯ ತಪಾಸಣೆಯಿತ್ತು. ಅವಳು ಬಸ್ಸಿನಲ್ಲಿ ಒಡೆದ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ತಪ್ಪು ಯಾರದೆಂದು ಒಬ್ಬರಾದರೂ ಖಚಿತವಾಗಿ ಹೇಳಲಿ ಎಂಬುದಷ್ಟೇ ಅವಳಿಗೆ ಬೇಕಿತ್ತು.

ಅವಳ ತಲೆಗೆ ಶಸ್ತ್ರಚಿಕಿತ್ಸೆ ಮಾಡಿದ ವಯಸ್ಸಾದ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಎಡಬದಿಯ ಅಂಚು ಬೆರಳು ಹೂಳುವಷ್ಟು ಜಜ್ಜಿಹೋಗಿತ್ತು.

"ಅಳತೆ ದೊಡ್ಡದಾಗಿದ್ದಕ್ಕೆ ಹೀಗಾಯ್ತಾ?" ಎಂದು ಪೊಲೀನಾ ಕೇಳಿದಳು.

"ನನಗೆ ಕಂಡ ಮಟ್ಟಿಗೆ ಇದು ಜಾಗ ಬಿಟ್ಟು ಕದಲಿಲ್ಲಮ್ಮ. ಕದಲಿದ್ರೆ ನಿನ್ನ ಗಾಯ ಇರೋ ಕಡೆನೇ ಸರಿಯಾಗಿ ಜಜ್ಜಿರ್ತಿರಲಿಲ್ಲ. ಪೆಟ್ಟಿನ ಮುಕ್ಕಾಲು ಪಾಲು ಇದು ತಿಂದಿದೆ. ಉಳಿದ ಕಾಲು ಪಾಲನ್ನ ನಾನು ಹೊಲಿದೆ, ಅಷ್ಟೆ." ಡಾಕ್ಟರಮ್ಮ ಅದನ್ನು ಮೆಲ್ಲಗೆ ಅವಳ ಕೈಗಿಟ್ಟರು. "ಇದಿಲ್ಲದಿದ್ರೆ ಆವತ್ತು ನಿನ್ನನ್ನ ನನ್ನ ಹತ್ರ ತರ್ತಾನೇ ಇರಲಿಲ್ಲ."

ವಾಪಸು ಬರುವ ನಾಲ್ಕು ಗಂಟೆ ದಾರಿಯುದ್ದಕ್ಕೂ ಪೊಲೀನಾ ಕಿಟಕಿಯ ಹೊರಗೆ ನೋಡುತ್ತ ಕೂತಳು. ಒಬ್ಬ ಮನುಷ್ಯ ಏಳು ತಿಂಗಳು, ಒಂದು ಚಳಿಗಾಲ ಪೂರ್ತಿ, ತಾನು ಒಂದು ಜೀವ ಕೆಡಿಸಿದೆ ಎಂದುಕೊಂಡೇ ಬದುಕಿದ್ದ. ಬಸ್ಸಿಳಿದವಳು ಮನೆಗೆ ಹೋಗಲಿಲ್ಲ.

ಅಂಗಡಿಯಲ್ಲಿ ಆಲ್ಡೊ ಹೆಲ್ಮೆಟ್ಟುಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತಿದ್ದ. ಇನ್ನು ಮುಂದೆ ಚಕ್ರ, ಬ್ರೇಕು ಮಾತ್ರ ಮಾರುತ್ತೇನೆ, ಯಾರ ತಲೆಯ ಹೊಣೆಯೂ ನನಗೆ ಬೇಡ ಎಂದ. ಪೊಲೀನಾ ಡಾಕ್ಟರಮ್ಮನ ಮಾತುಗಳನ್ನು ಒಂದೂ ಬಿಡದೆ ಹೇಳಿದಳು. ಕೇಳುತ್ತ ಕೇಳುತ್ತ ಅವನು ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ಅಂಗೈಯಿಂದ ಮುಖ ಮುಚ್ಚಿಕೊಂಡ. ಅವನ ಭುಜಗಳು ಅಲುಗುವುದು ಅವಳಿಗೆ ಕಾಣಿಸಿತು.

ಕೈ ಕೆಳಗಿಳಿಸಿ, "ಅದು ನಿಮ್ಮ ಅದೃಷ್ಟ," ಎಂದ. "ನನ್ನ ತಪ್ಪು ತಪ್ಪೇ."

"ಆಗ್ಲಿ, ತಪ್ಪೇ. ನಾನೂ ಕಾಯಬೇಕಿತ್ತು, ಕಾಯಲಿಲ್ಲ." ಅವಳು ಅವನೆದುರು ನೆಲದ ಮೇಲೆ ಕೂತಳು. "ಆವತ್ತು ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಆ ಮೂರು ವಾರ ಪ್ರಾಯಶ್ಚಿತ್ತವಾ?"

"ಮೊದಲನೇ ದಿನ ಹೌದು. ಎರಡನೇ ದಿನಾನೂ ಹೌದು." ಅವನು ಕಣ್ಣೊರೆಸಿಕೊಂಡ. "ಆಮೇಲೆ ಪ್ರತಿ ಸಲ ಡಬ್ಬ ಬಿಚ್ಚುವಾಗ ಹೆದರಿಕೆ ಆಗ್ತಿತ್ತು. ಇದು ಸರಿಹೋಗಲಿ ಅಂತ ಬೇಡ್ಕೊತಿದ್ದೆ. ಸರಿಹೋದ್ರೆ ನಿಮ್ಮನೆಗೆ ಬರೋಕೆ ನೆಪ ಇರಲ್ವಲ್ಲ ಅಂತ ಸಂಕಟಾನೂ ಆಗ್ತಿತ್ತು. ನಿಮ್ಮ ನೋವಿನ ಮಧ್ಯೆ ಹಾಗೆ ಅಂದ್ಕೊಂಡೆನಲ್ಲ, ಅದನ್ನ ಹೇಗೆ ಬಾಯಿಬಿಟ್ಟು ಹೇಳ್ಲಿ?"

ಪೊಲೀನಾಳ ಕಣ್ಣು ತುಂಬಿತು. ಅವಳು ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿ ಹುಡುಕಿ ಹಸಿರು ಹೆಲ್ಮೆಟ್ಟನ್ನು ಹೊರತೆಗೆದಳು. ಬೆಲೆಯನ್ನು ಪೂರ್ತಿ ಕೊಟ್ಟಳು. ಬೇಡವೆಂದವನನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸಿದಳು.

ಮೇ ಒಂದರ ಬೆಳಿಗ್ಗೆ ತಂಡದ ಜೊತೆ ಬೆಟ್ಟ ಹತ್ತಿದಳು. ಮೊದಲ ಇಳಿಜಾರಿನಲ್ಲಿ ಕೈ ಬ್ರೇಕಿನ ಮೇಲೆ ಕಲ್ಲಾಯಿತು. ಇಳಿದು ಸೈಕಲ್ ತಳ್ಳಿಕೊಂಡು ಹೋದಳು. ಯಾರೂ ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಯ ಮಿಡಿಯತೊಡಗಿತು. ಕೆಂಡದಂತಲ್ಲ, ಹಳೆಯ ನೋವಿನಂತೆ. ಹೆಲ್ಮೆಟ್ ತೆಗೆಯಲಿಲ್ಲ. ನಾಲ್ಕು ಗಂಟೆಗೆ ಗ್ವೆನ್ ತನ್ನ ಪಟ್ಟಿಯಲ್ಲಿ ಅವಳ ಹೆಸರು ಬರೆದು, ನಾಳೆ ಏಳಕ್ಕೆ ಬಾ, ತಡ ಮಾಡಬೇಡ ಎಂದಷ್ಟೇ ಹೇಳಿ, ಒದ್ದೆಯಾದ ಕಣ್ಣು ಕಾಣದಂತೆ ಮುಖ ತಿರುಗಿಸಿಕೊಂಡಳು.

ಕೆಳಗೆ, ದಾರಿ ಮುಗಿಯುವಲ್ಲಿ, ಆಲ್ಡೊ ನಿಂತಿದ್ದ. ಅಂಗಡಿ ಮುಚ್ಚಿ ಬೆಳಿಗ್ಗೆಯೇ ಬಂದವನು ಅಲ್ಲಿಂದ ಕದಲಿರಲಿಲ್ಲ. ಅವಳನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದ, ಮತ್ತೆ ನಿಂತ.

ಪೊಲೀನಾ ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ ಬಂದು ಅವನ ಎದೆಗೆ ಹಣೆ ಆನಿಸಿದಳು. ಅವನ ತೋಳುಗಳು ಮೊದಲು ಹಿಂಜರಿದವು. ಆಮೇಲೆ ಬಿಗಿಯಾದವು.

"ನಂಗೆ ಇನ್ನು ದಿನಾ ಭಯ ಆಗ್ತದೆ ಪೊಲೀನಾ," ಎಂದ ಅವನು. "ನೀನು ಮೇಲೆ ಹೋದಾಗೆಲ್ಲ ಆಗ್ತದೆ."

ಮೊದಲ ಸಲ ಅವನು 'ನೀನು' ಎಂದಿದ್ದ. ಅದು ಅವನಿಗೆ ಗೊತ್ತೇ ಆಗಿರಲಿಲ್ಲ.

"ನಂಗೂ ಆಗ್ತದೆ," ಎಂದಳು ಅವಳು, ತಲೆಯೆತ್ತದೆ. "ಒಬ್ಬಳೇ ಹೆದರಿ ಹೆದರಿ ಸಾಕಾಗಿದೆ ಆಲ್ಡೊ."

"ಮತ್ತೆ?"

"ಇನ್ಮೇಲೆ ಇಬ್ರೂ ಸೇರಿ ಹೆದರೋಣ. ನಡಿ, ಅಜ್ಜಿ ಊಟಕ್ಕೆ ಕಾಯ್ತಿದ್ದಾಳೆ."